ಬಿತ್ತಿದ ಬೀಜವೆಷ್ಟು? — ಕಿರಣಗಳ ದೀಪ್ತಿಯನ್ನು ಅಳೆಯುವ ವಿಷಯವಾಗಿ ಒಂದು ಪಾಠ



ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಶಾಲೆಯ ಏಳಿಗೆಯನ್ನು ಕುರಿತು ನಾಲ್ಕು ಮಾತು ಬರೆಯುವುದು ವಾಡಿಕೆಯಾಗಿರುತ್ತದೆ. ಆ ವರದಿಯು ಬೇರೆ ಪುಟಗಳಲ್ಲಿ ಅಚ್ಚಾಗಿರುವುದರಿಂದ, ನಾನು ಇಲ್ಲಿ ಒಂದು ಪಾಠವನ್ನೇ ಮಾಡಲು ತಮ್ಮ ಅಪ್ಪಣೆಯನ್ನು ಬೇಡುತ್ತೇನೆ. ನನ್ನ ತರಗತಿಯಲ್ಲಿ ಕುಳಿತು ಎದ್ದುಹೋದವರಿಗೆ ನನ್ನ ಪಾಠವು ಎಲ್ಲಿ ಆರಂಭವಾಗಿ ಎಲ್ಲಿಗೆ ಹೋಗುವುದೆಂಬುದು ತಿಳಿದೇ ಇದೆ. ಉಳಿದವರು ಸ್ವಲ್ಪ ತಾಳ್ಮೆಯಿಂದ ಓದಬೇಕು.

ಕೆಲವು ವರ್ಷಗಳ ಹಿಂದೆ ಮುಂಗಾರಿನಲ್ಲಿ, ಒಂಬತ್ತನೆಯ ತರಗತಿಯ ಹುಡುಗಿಯರಿಂದ ಶಾಲೆಯ ಹಿಂಬದಿಯ ತುಂಡು ನೆಲದಲ್ಲಿ ತೊಗರಿಯನ್ನು ಬಿತ್ತಿಸಿದೆನು. ನೂರು ಬೀಜಕ್ಕೆ ಎಷ್ಟು ಮೊಳೆಯುವುವೆಂಬುದನ್ನು ಕಂಡುಹಿಡಿಯುವುದು ಉದ್ದೇಶ. ಹತ್ತು ದಿನಗಳ ಮೇಲೆ ಅವರು ಬಹು ಸಂಭ್ರಮದಿಂದ ಬಂದು, “ಮುನ್ನೂರೈವತ್ತು ಸಸಿ ಎದ್ದಿವೆ” ಎಂದರು. “ಬಿತ್ತಿದ್ದೆಷ್ಟು?” ಎಂದು ಕೇಳಿದೆನು. ಯಾರೂ ಉತ್ತರ ಕೊಡಲಿಲ್ಲ. ಹಿಡಿ ಹಿಡಿಯಾಗಿ ಚೆಲ್ಲಿದ್ದರೇ ಹೊರತು ಎಣಿಸಿರಲಿಲ್ಲ. ತಪ್ಪು ಅವರದಲ್ಲ, ಎಣಿಸಿರೆಂದು ಹೇಳಲು ನಾನೇ ಮರೆತಿದ್ದೆನು. ಹುಟ್ಟಿದ ಸಸಿಗಳನ್ನು ಎಷ್ಟೇ ಜಾಗರೂಕತೆಯಿಂದ ಎಣಿಸಿದರೂ, ನೆಲಕ್ಕೆ ಬಿದ್ದ ಬೀಜವೆಷ್ಟೆಂಬುದು ಗೊತ್ತಿಲ್ಲದಿದ್ದ ಮೇಲೆ ಆ ಎಣಿಕೆಯಿಂದ ಯಾವ ಪ್ರಯೋಜನವೂ ಇಲ್ಲ. ಮುನ್ನೂರೈವತ್ತು ಎಂಬುದು ಐನೂರರಲ್ಲಿಯೋ, ಸಾವಿರದಲ್ಲಿಯೋ?

ಮಾರನೆಯ ವಾರ ಬೇರೊಂದು ಉಪಾಯ ಮಾಡಿದೆವು. ತೊಗರಿಗೆ ಸಮಸಂಖ್ಯೆಯಲ್ಲಿ ಹೆಸರುಕಾಳನ್ನು ಬೆರೆಸಿ, ಆ ಮಿಶ್ರಣವನ್ನು ಮತ್ತೆ ಹಿಡಿ ಹಿಡಿಯಾಗಿಯೇ ಬಿತ್ತಿದೆವು. ನಮ್ಮ ಸೀಮೆಯ ರೈತರಿಗೆ ತೊಗರಿಯ ಸಾಲುಗಳ ನಡುವೆ ಹೆಸರು ಬಿತ್ತುವುದು ಹೊಸದೇನೂ ಅಲ್ಲವಷ್ಟೆ. ಆ ಹೆಸರು ನೂರಕ್ಕೆ ತೊಂಬತ್ತು ಮೊಳೆಯುವುದೆಂದು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊದಲೇ ಪರೀಕ್ಷಿಸಿದ್ದೆವು. ಹೀಗಿರಲು ಹೊಲದಲ್ಲಿ ನಾನೂರೈವತ್ತು ಹೆಸರಿನ ಸಸಿ ಕಂಡರೆ ಬಿದ್ದ ಹೆಸರುಕಾಳು ಐನೂರು. ಆದುದರಿಂದ ತೊಗರಿಯೂ ಐನೂರು. ತೊಗರಿಯ ಸಸಿ ಮುನ್ನೂರೈವತ್ತಾದರೆ ನೂರಕ್ಕೆ ಎಪ್ಪತ್ತು. ಗುಣ ಗೊತ್ತಿರುವ ಬೀಜದಿಂದ ಗುಣ ಗೊತ್ತಿಲ್ಲದ ಬೀಜವನ್ನು ಅಳೆಯುವ ಈ ಯುಕ್ತಿಯನ್ನು ನೆನಪಿನಲ್ಲಿಡಬೇಕು.

ಇನ್ನು ನಮ್ಮ ದಂಡೋತಿಯ ಕಾಗಿಣಾ ತೀರದಿಂದ ಬಹು ದೂರಕ್ಕೆ, ಸ್ವಿಟ್ಜರ್ಲೆಂಡಿನ ಜಿನೀವಾ ಪಟ್ಟಣದ ಬಳಿಗೆ ಹೋಗೋಣ. ಅಲ್ಲಿ ಸರ್ನ್ ಎಂಬ ಸಂಶೋಧನ ಸಂಸ್ಥೆಯವರು ನೆಲದ ಅಡಿಯಲ್ಲಿ ೨೭ ಕಿಲೋಮೀಟರು ಸುತ್ತಳತೆಯ ವರ್ತುಲಾಕಾರದ ಸುರಂಗವನ್ನು ಕೊರೆಯಿಸಿದರು. ೧೯೮೯ರಿಂದ ೨೦೦೦ದವರೆಗೆ ಆ ಸುರಂಗದಲ್ಲಿ ಲೆಪ್ ಎಂಬ ಯಂತ್ರವು ನಡೆಯಿತು. ಒಂದು ದಿಕ್ಕಿನಿಂದ ಎಲೆಕ್ಟ್ರಾನುಗಳೂ, ಎದುರು ದಿಕ್ಕಿನಿಂದ ಅವುಗಳ ಪ್ರತಿರೂಪಗಳಾದ ಪಾಸಿಟ್ರಾನುಗಳೂ ಗೊಂಚಲು ಗೊಂಚಲಾಗಿ ಸೆಕೆಂಡಿಗೆ ಹನ್ನೊಂದು ಸಾವಿರಕ್ಕೂ ಮಿಗಿಲಾದ ಸುತ್ತುಗಳನ್ನು ಹಾಕುತ್ತ, ನಾಲ್ಕು ಸ್ಥಳಗಳಲ್ಲಿ ಒಂದನ್ನೊಂದು ಹಾಯ್ದು ಹೋಗುತ್ತಿದ್ದವು. ಒಂದೊಂದು ಗೊಂಚಲಿನಲ್ಲಿಯೂ ಹತ್ತು ಸಾವಿರ ಕೋಟಿಗೂ ಮಿಗಿಲಾದ ಕಣಗಳು. ಇಷ್ಟಾದರೂ ಹಾಯುವಾಗ ಬಹುಪಾಲು ಕಣಗಳು ಒಂದನ್ನೊಂದು ಮುಟ್ಟದೆಯೇ ಹೋಗಿಬಿಡುತ್ತಿದ್ದವು. ಎಲ್ಲಿಯೋ ಒಂದು ಜೋಡಿ ಮಾತ್ರ ಡಿಕ್ಕಿ ಹೊಡೆಯುತ್ತಿತ್ತು.

ಎದುರುಬದುರಾಗಿ ಬರುವ ಇಂಥ ಎರಡು ಕಿರಣಗಳು ಡಿಕ್ಕಿಗೆ ಎಷ್ಟು ಅವಕಾಶ ಕೊಡುತ್ತವೆ ಎಂಬುದರ ಅಳತೆಗೆ ಲ್ಯೂಮಿನಾಸಿಟಿ ಎಂದು ಹೆಸರು. ಕನ್ನಡದಲ್ಲಿ ದೀಪ್ತಿ ಎನ್ನೋಣ. ಆದರೆ ಇದು ಕಣ್ಣಿಗೆ ಕಾಣುವ ಬೆಳಕಲ್ಲ, ಬೀಜ ಬಿತ್ತಿದ ಪ್ರಮಾಣ. ಡಿಕ್ಕಿಗಳಿಂದ ಹೊರಟ ಫಲಗಳು ಸಸಿಗಳು. ಸಸಿಗಳ ಸಂಖ್ಯೆಯನ್ನು ದೀಪ್ತಿಯಿಂದ ಭಾಗಿಸಿದರೆ ಆ ಫಲವು ಉಂಟಾಗುವ ಸಂಭವವೆಷ್ಟೆಂಬುದು ದೊರೆಯುವುದು. ಈ ಸಂಭವವನ್ನು ವಿಜ್ಞಾನಿಗಳು ಒಂದು ಗುರಿಯ ವಿಸ್ತೀರ್ಣದಂತೆ ಭಾವಿಸಿ, ಬಾರ್ನ್ ಎಂಬ ಮಾನದಿಂದ ಅಳೆಯುತ್ತಾರೆ. ಬಾರ್ನ್ ಎಂದರೆ ಧಾನ್ಯದ ಕೊಟ್ಟಿಗೆ. ೧೯೪೨ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು, ಪರಮಾಣುಗರ್ಭದ ಮಟ್ಟಿಗೆ ಅದು ಕೊಟ್ಟಿಗೆಯಷ್ಟು ದೊಡ್ಡ ಗುರಿಯೇ ಎಂದು ವಿನೋದಕ್ಕಾಗಿ ಇಟ್ಟ ಹೆಸರು ನಿಂತುಹೋಯಿತು. ಆ ವಿನೋದವು ನಮ್ಮ ಕಡೆ ಹುಟ್ಟಿದ್ದರೆ ಅದಕ್ಕೆ ಹಗೇವು ಎಂದು ಹೆಸರಾಗುತ್ತಿತ್ತೋ ಏನೋ!

ದೀಪ್ತಿಯನ್ನು ನೇರವಾಗಿ ಲೆಕ್ಕ ಹಾಕಬಾರದೇಕೆ ಎಂದು ಕೇಳಬಹುದು. ಒಂದು ಗೊಂಚಲಿನ ಕಣಸಂಖ್ಯೆಯನ್ನು ಇನ್ನೊಂದರ ಕಣಸಂಖ್ಯೆಯಿಂದ ಗುಣಿಸಿ, ಸೆಕೆಂಡಿಗೆ ಎಷ್ಟು ಬಾರಿ ಹಾಯುವುವೆಂಬುದರಿಂದ ಮತ್ತೆ ಗುಣಿಸಿ, ಅವು ಹಾಯುವ ಸ್ಥಳದ ಅಗಲ ಎತ್ತರಗಳಿಂದ ಭಾಗಿಸಬೇಕು. ಸೂತ್ರವು ಸುಲಭವಾದದ್ದು. ತೊಡಕು ಇರುವುದು ಆ ಅಗಲ ಎತ್ತರಗಳಲ್ಲಿ. ಲೆಪ್ ಯಂತ್ರದಲ್ಲಿ ಕಿರಣದ ಎತ್ತರವು ಕೂದಲಿನ ದಪ್ಪಕ್ಕಿಂತಲೂ ಎಷ್ಟೋ ಪಾಲು ಕಡಿಮೆ. ಅದನ್ನು ಸಾವಿರಕ್ಕೆ ಒಂದರ ನಿಷ್ಕೃಷ್ಟತೆಯಿಂದ ಅಳೆಯುವ ಕೋಲು ಎಲ್ಲಿಂದ ತರಬೇಕು? ಆದುದರಿಂದ ಅಲ್ಲಿನವರೂ ಹೆಸರುಕಾಳಿನ ಯುಕ್ತಿಯನ್ನೇ ಹಿಡಿದರು. ಸಂಭವವು ಮೊದಲೇ ಗೊತ್ತಿರುವ ಒಂದು ಘಟನೆಯನ್ನು ಎಣಿಸಿ, ಅದರಿಂದ ದೀಪ್ತಿಯನ್ನು ತಿಳಿದುಕೊಂಡರು.

ಆ ಘಟನೆಗೆ ಒಬ್ಬ ಭಾರತೀಯನ ಹೆಸರಿದೆ. ಹೋಮಿ ಜಹಾಂಗೀರ್ ಭಾಭಾ ಅವರು ಕೇಂಬ್ರಿಜ್ಜಿನಲ್ಲಿದ್ದಾಗ, ತರುಣರಾಗಿ, ೧೯೩೫ರಲ್ಲಿ ಬರೆದು ಕಳುಹಿಸಿದ ಒಂದು ಲೇಖನವು ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪಾಸಿಟ್ರಾನು ಮೊದಲು ಕಂಡುಬಂದುದು ೧೯೩೨ರಲ್ಲಿ. ಅಂದರೆ ಅದು ಇನ್ನೂ ಹಸುಗೂಸು. ಎಲೆಕ್ಟ್ರಾನೂ ಪಾಸಿಟ್ರಾನೂ ಎದುರಾದಾಗ ಒಂದನ್ನೊಂದು ಎಷ್ಟು ಕೋನಕ್ಕೆ ಚದರಿಸುವುವೆಂಬುದನ್ನು ಭಾಭಾ ಅವರು ಗಣಿಸಿದರು. ಅವೆರಡೂ ಲಯವಾಗಿ ಹೊಸ ಜೋಡಿಯಾಗಿ ಮತ್ತೆ ಹುಟ್ಟಿಬರುವ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದೇ ಅವರ ಲೇಖನದ ಸಾರ. ಎದುರುಬದುರು ಕಿರಣಗಳ ಯಂತ್ರ ಆಗ ಯಾರ ಕನಸಿನಲ್ಲಿಯೂ ಇರಲಿಲ್ಲ. ಎಲೆಕ್ಟ್ರಾನು ಪಾಸಿಟ್ರಾನುಗಳನ್ನು ಹಾಗೆ ಸುತ್ತಿಸುವ ಮೊದಲ ಯಂತ್ರವು ಇಟಲಿಯ ಫ್ರಸ್ಕಾಟಿಯಲ್ಲಿ ಸಿದ್ಧವಾದುದು ೧೯೬೧ರಲ್ಲಿ. ಇಂದು ಜಗತ್ತಿನಲ್ಲಿ ಎಲ್ಲಿ ಈ ಎರಡು ಕಣಗಳನ್ನು ಡಿಕ್ಕಿ ಹೊಡೆಸಿದರೂ, ಭಾಭಾ ಚದರಿಕೆ ಎಂದು ಕರೆಯಲ್ಪಡುವ ಈ ಘಟನೆಯೇ ದೀಪ್ತಿಯನ್ನು ಅಳೆಯುವ ಸೇರು ಪಾವು.

ಭಾಭಾ ಅವರಿಗೂ ನಮ್ಮ ನಾಡಿಗೂ ಇರುವ ನಂಟನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ೧೯೩೯ರಲ್ಲಿ ರಜೆಗೆಂದು ಸ್ವದೇಶಕ್ಕೆ ಬಂದಿದ್ದವರು ಯುದ್ಧ ಆರಂಭವಾದುದರಿಂದ ಹಿಂದಿರುಗಲಾರದೆ ಹೋದರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ, ಸರ್ ಸಿ. ವಿ. ರಾಮನ್ ಅವರು ಭೌತಶಾಸ್ತ್ರದ ಮುಖ್ಯಸ್ಥರಾಗಿದ್ದ ಕಾಲದಲ್ಲಿ, ಅಧ್ಯಾಪಕರಾಗಿ ಸೇರಿ ವಿಶ್ವಕಿರಣಗಳ ಸಂಶೋಧನೆಯನ್ನು ನಡೆಸಿದರು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ೧೯೪೫ರ ಜೂನ್ ತಿಂಗಳಲ್ಲಿ ಹುಟ್ಟಿದುದೂ ಬೆಂಗಳೂರಿನ ಆ ಆವರಣದಲ್ಲಿಯೇ. ಅದು ಮುಂಬಯಿಗೆ ಹೋದುದು ಆ ವರ್ಷದ ಕೊನೆಯಲ್ಲಿ. ಅದೇ ವರ್ಷಗಳಲ್ಲಿ ಅದೇ ಮಂದಿರದಲ್ಲಿ ರಾಮನ್ನರ ಕೈಕೆಳಗೆ ವಜ್ರ ಮಾಣಿಕ್ಯಗಳ ಬೆಳಕನ್ನು ಪರೀಕ್ಷಿಸುತ್ತಿದ್ದ ಒಬ್ಬ ತರುಣಿ ಇದ್ದರು, ಅಣ್ಣಾ ಮಣಿ ಎಂಬವರು. ಮುಂದೆ ಅವರು ಹವಾಮಾನ ಇಲಾಖೆಯನ್ನು ಸೇರಿ, ದೇಶದ ಮಾಪಕ ಯಂತ್ರಗಳನ್ನು ಒಂದೇ ಪ್ರಮಾಣಕ್ಕೆ ತರುವ ಕೆಲಸದಲ್ಲಿ ತಮ್ಮ ಆಯುಷ್ಯವನ್ನು ಸವೆಸಿದರು. ಹೊಸದನ್ನು ಕಂಡುಹಿಡಿದವರ ಹೆಸರು ಪಠ್ಯಪುಸ್ತಕದಲ್ಲಿ ಸೇರುತ್ತದೆ. ಅಳತೆಗೋಲನ್ನು ಸರಿಪಡಿಸಿದವರ ಹೆಸರು ಸಾಮಾನ್ಯವಾಗಿ ಸೇರುವುದಿಲ್ಲ. ನನಗೆ ಈ ವಿಷಯದಲ್ಲಿ ಸ್ವಲ್ಪ ಅಸಮಾಧಾನವಿದೆ ಎಂಬುದನ್ನು ಮರೆಮಾಚುವುದಿಲ್ಲ.

ಈಗ ಲೆಪ್ ಯಂತ್ರವು ಏನನ್ನು ಹುಡುಕಿತೆಂಬುದಕ್ಕೆ ಬರೋಣ. ನ್ಯೂಟ್ರಿನೋ ಎಂಬ ಕಣವುಂಟು. ಅದು ವಿದ್ಯುತ್ತಿಲ್ಲದ್ದು; ಭೂಗೋಲವನ್ನೇ ತೂರಿಕೊಂಡು ಹೋದರೂ ಸಾಮಾನ್ಯವಾಗಿ ಯಾವ ಕುರುಹನ್ನೂ ಬಿಡುವುದಿಲ್ಲ. ವಾಯುಮಂಡಲದಲ್ಲಿ ತಾನಾಗಿ ಹುಟ್ಟುವ ನ್ಯೂಟ್ರಿನೋಗಳ ಕುರುಹು ಮೊದಲು ಸಿಕ್ಕ ಸ್ಥಳಗಳಲ್ಲಿ ನಮ್ಮ ಕರ್ನಾಟಕದ ಕೋಲಾರದ ಚಿನ್ನದ ಗಣಿಯೂ ಒಂದು. ನಂಜನಗೂಡಿನವರಾದ ಬಿ. ವಿ. ಶ್ರೀಕಂಠನ್ ಅವರು ಭಾಭಾ ಅವರ ಪ್ರೇರಣೆಯಿಂದ ೧೯೫೦ರ ದಶಕದಲ್ಲಿ ಆ ಗಣಿಗೆ ಇಳಿದು, ಆಳ ಹೆಚ್ಚಿದಂತೆ ವಿಶ್ವಕಿರಣಗಳು ಹೇಗೆ ಕ್ಷೀಣಿಸುವುವೆಂದು ಅಳೆದರು. ಆಮೇಲೆ ಇನ್ನೂ ಆಳಕ್ಕೆ ಇಳಿದವರು ತಮ್ಮ ಯಂತ್ರವನ್ನು ಎರಡು ತಿಂಗಳ ಕಾಲ ಕಾದರೂ ಒಂದು ಕಣವನ್ನೂ ಕಾಣಲಿಲ್ಲ. ಬೇರೆಯವರಾಗಿದ್ದರೆ ನಿರಾಶರಾಗುತ್ತಿದ್ದರು. ಅಷ್ಟು ನಿಶ್ಶಬ್ದವಾದ ಸ್ಥಳವೇ ನ್ಯೂಟ್ರಿನೋವಿಗಾಗಿ ಕಾಯಲು ತಕ್ಕದ್ದೆಂದು ಅವರು ತಿಳಿದರು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯ ಇವುಗಳವರು ಕೂಡಿ ೧೯೬೫ರಲ್ಲಿ, ಸುಮಾರು ೨.೩ ಕಿಲೋಮೀಟರು ಆಳದಲ್ಲಿ, ಅದರ ಗುರುತನ್ನು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿಯೂ ಅದು ಸಿಕ್ಕಿತು. ಕೋಲಾರದ ಆ ಗಣಿಯು ೨೦೦೧ರಲ್ಲಿ ಮುಚ್ಚಲ್ಪಟ್ಟಿತು.

ನ್ಯೂಟ್ರಿನೋಗಳಲ್ಲಿ ವಂಶಗಳೆಷ್ಟು? ಮೂರೇ, ನಾಲ್ಕೇ, ಇನ್ನೂ ಹೆಚ್ಚೇ? ೧೯೮೯ಕ್ಕೆ ಮುಂಚೆ ಇದು ಇತ್ಯರ್ಥವಾಗಿರಲಿಲ್ಲ. ಲೆಪ್ ಯಂತ್ರವು ಝೆಡ್ ಎಂಬ ಭಾರವಾದ ಕಣವನ್ನು ರಾಶಿ ರಾಶಿಯಾಗಿ ಹುಟ್ಟಿಸಿತು. ನಾಲ್ಕು ಪ್ರಯೋಗಗಳೂ ಸೇರಿ ದಾಖಲಿಸಿದವು ಒಂದು ಕೋಟಿ ಎಪ್ಪತ್ತು ಲಕ್ಷ. ಆ ನಾಲ್ಕರಲ್ಲಿ ಒಂದಾದ ಎಲ್-೩ರಲ್ಲಿ ಟಾಟಾ ಸಂಸ್ಥೆಯವರೂ ಪಾಲುಗೊಂಡಿದ್ದರು. ಝೆಡ್ ಹುಟ್ಟಿದೊಡನೆಯೇ ಒಡೆಯುತ್ತದೆ. ಐದು ಪಾಲಿನಲ್ಲಿ ನಾಲ್ಕು ಪಾಲು ಕಾಣುವ ಕಣಗಳಾಗಿ, ಒಂದು ಪಾಲು ಕಾಣದ ನ್ಯೂಟ್ರಿನೋಗಳಾಗಿ. ಕಾಣದ ದಾರಿಗಳು ಹೆಚ್ಚಿದಷ್ಟೂ ಕಾಣುವ ಫಲವು ಕಡಿಮೆಯಾಗುವುದು. ನಾಲ್ಕನೆಯ ವಂಶವೊಂದಿದ್ದರೆ ಕಾಣುವ ಫಲದ ಶಿಖರವು ನೂರಕ್ಕೆ ಸುಮಾರು ಹದಿಮೂರರಷ್ಟು ತಗ್ಗಿರಬೇಕು. ಹೀಗೆ ಕಾಣುವುದನ್ನು ಎಣಿಸಿ ಕಾಣದ್ದನ್ನು ತಿಳಿಯಲು ಸಾಧ್ಯವಾಯಿತು. ಯಂತ್ರ ಆರಂಭವಾದ ಕೆಲವೇ ವಾರಗಳಲ್ಲಿ, ೧೯೮೯ರ ಅಕ್ಟೋಬರಿನಲ್ಲಿ, ವಂಶಗಳು ಮೂರು ಎಂಬುದು ಪ್ರಕಟವಾಯಿತು.

ಅಲ್ಲಿಗೇ ಪಾಠ ಮುಗಿಯಿತೆಂದು ಕೆಲವರು ಭಾವಿಸುವರು. ಮೂರೆಂದರೆ ಮೂರು, ಇನ್ನೇನು? ಆದರೆ ಬರೀ ಮೂರು ಎಂಬುದು ಬೇರೆ, ದಶಾಂಶಗಳವರೆಗೆ ಮೂರು ಎಂಬುದು ಬೇರೆ. ಆ ದಶಾಂಶಗಳಲ್ಲಿ ಕೊರತೆ ಕಂಡುಬಂದರೆ ನಮಗೆ ಗೊತ್ತಿಲ್ಲದ ಯಾವುದೋ ನಿಯಮವು ಅಲ್ಲಿ ಅಡಗಿದೆ ಎಂದಾಗುವುದು. ಎಲ್ಲವೂ ದೀಪ್ತಿಯ ಮೇಲೆ ನಿಂತಿತ್ತು. ದೀಪ್ತಿಯಲ್ಲಿ ಸಾವಿರಕ್ಕೆ ಒಂದು ತಪ್ಪಿದರೆ ವಂಶಗಳ ಸಂಖ್ಯೆಯಲ್ಲಿ ಸುಮಾರು ೦.೦೦೭೫ರಷ್ಟು ತಪ್ಪು ಬೀಳುವುದು.

ಆದುದರಿಂದ ಅವರು ಪಟ್ಟ ಶ್ರಮವನ್ನು ನೋಡಿರಿ. ಭಾಭಾ ಚದರಿಕೆಯಲ್ಲಿ ಎಲೆಕ್ಟ್ರಾನುಗಳು ಬಹುಮಟ್ಟಿಗೆ ತಾವು ಹೊರಟ ದಾರಿಯಿಂದ ಬಹು ಸ್ವಲ್ಪವೇ ಓರೆಯಾಗಿ ಹೋಗುತ್ತವೆ. ಕೋನ ಹೆಚ್ಚಿದಂತೆ ಅವುಗಳ ಸಂಖ್ಯೆ ಥಟ್ಟನೆ ಇಳಿಯುತ್ತದೆ. ಆ ಕಾರಣ ಎಣಿಸುವ ಯಂತ್ರಗಳನ್ನು ಕಿರಣದ ಕೊಳವೆಯನ್ನು ಒತ್ತಿ, ಉಂಗುರದಂತೆ ಎರಡೂ ಬದಿಗಳಲ್ಲಿ ಕೂಡಿಸಿದರು. ಉಂಗುರದ ಒಳ ಅಂಚು ಎಲ್ಲಿದೆ ಎಂಬುದರಲ್ಲಿಯೇ ಕಷ್ಟವೆಲ್ಲ ಇರುವುದು. ಆ ಅಂಚಿನ ತ್ರಿಜ್ಯದಲ್ಲಿ ನೂರಕ್ಕೆ ಒಂದು ತಪ್ಪಿದರೆ ಎಣಿಕೆಯಲ್ಲಿ ನೂರಕ್ಕೆ ಎರಡು ತಪ್ಪುತ್ತದೆ. ಒಳತ್ರಿಜ್ಯವು ೮ ಸೆಂಟಿಮೀಟರು ಎಂದಿಟ್ಟುಕೊಳ್ಳಿರಿ. ಅರ್ಧ ಕೂದಲಿನ ದಪ್ಪದಷ್ಟು, ಎಂದರೆ ಒಂದು ಮಿಲಿಮೀಟರಿನ ನೂರರಲ್ಲಿ ನಾಲ್ಕು ಭಾಗದಷ್ಟು, ಅಂಚು ಸರಿದಿದ್ದರೆ ಎಣಿಕೆಯು ಸಾವಿರಕ್ಕೆ ಒಂದು ಕೆಟ್ಟಂತೆಯೇ. ಈ ಲೆಕ್ಕವನ್ನು ಹತ್ತನೆಯ ತರಗತಿಯವರು ತಾವೇ ಮಾಡಿ ನೋಡಬಹುದು. ಓಪಲ್ ಎಂಬ ಪ್ರಯೋಗದವರು ಹತ್ತು ಸಾವಿರಕ್ಕೆ ನಾಲ್ಕಕ್ಕಿಂತ ಕಡಿಮೆಯ ಅನಿಶ್ಚಯತೆಯಿಂದ ಎಣಿಸಿದರು. ಯಂತ್ರದ ಎಣಿಕೆಯು ಗಣಿತಜ್ಞರ ಲೆಕ್ಕಕ್ಕಿಂತಲೂ ಸೂಕ್ಷ್ಮವಾಗಿ, ಭಾಭಾ ಅವರ ಸೂತ್ರಕ್ಕೆ ಇನ್ನೂ ಎಷ್ಟೋ ಸಣ್ಣ ತಿದ್ದುಪಡಿಗಳನ್ನು ಗಣಿಸಬೇಕಾಯಿತು.

ದೀಪ್ತಿಯಷ್ಟೇ ಅಲ್ಲದೆ ಕಿರಣಗಳ ಶಕ್ತಿಯೂ ಗೊತ್ತಿರಬೇಕಷ್ಟೆ. ಅದರಲ್ಲಿ ದಿನಕ್ಕೆ ಎರಡು ಬಾರಿ ಏರಿಳಿತ ಕಂಡು, ಕಾರಣ ಹುಡುಕಿದರೆ ಚಂದ್ರನು ಸಿಕ್ಕಿದನು! ಕಡಲನ್ನು ಉಬ್ಬಿಸುವಂತೆ ಅವನು ನೆಲವನ್ನೂ ಉಬ್ಬಿಸಿ, ೨೭ ಕಿಲೋಮೀಟರಿನ ಸುತ್ತಳತೆಯಲ್ಲಿ ಒಂದು ಮಿಲಿಮೀಟರಿನಷ್ಟು ಹೆಚ್ಚುಕಡಿಮೆ ಮಾಡುತ್ತಿದ್ದನು. ಇನ್ನೊಂದು ಏರುಪೇರು ಮಧ್ಯರಾತ್ರಿಯ ಮೇಲೆ ನಿಂತು ಬೆಳಗಿನ ಜಾವಕ್ಕೆ ಶುರುವಾಗುತ್ತಿತ್ತು. ಅದು ಜಿನೀವಾದಿಂದ ಹೊರಡುವ ವಿದ್ಯುತ್ ರೈಲುಗಾಡಿಗಳಿಂದ ನೆಲಕ್ಕೆ ಸೋರುತ್ತಿದ್ದ ವಿದ್ಯುತ್ತಿನ ಕೆಲಸವೆಂದು ೧೯೯೫ರಲ್ಲಿ ತಿಳಿಯಿತು. ವಾಡಿ ಜಂಕ್ಷನ್ನಿನ ಹತ್ತಿರ ಮನೆಯಿದ್ದು, ಗಾಡಿ ಬಂದಾಗಲೆಲ್ಲ ಅಡುಗೆಮನೆಯ ಪಾತ್ರೆಗಳು ಅಲುಗುವುದನ್ನು ಕೇಳಿ ಬೆಳೆದ ಹುಡುಗಿಯರಿಗೆ ನಾನು ಈ ಕಥೆಯನ್ನು ತಪ್ಪದೆ ಹೇಳುತ್ತೇನೆ.

ಎಲ್ಲವನ್ನೂ ಕೂಡಿಸಿ ತೂಗಿ ನೋಡಿದ ಮೇಲೆ, ೨೦೦೬ರಲ್ಲಿ ನಾಲ್ಕು ಪ್ರಯೋಗಗಳವರೂ ಸೇರಿ ಪ್ರಕಟಿಸಿದ ಸಂಖ್ಯೆಯು ೨.೯೮೪೦, ಅನಿಶ್ಚಯತೆ ೦.೦೦೮೨. ಮೂರಕ್ಕೆ ೦.೦೧೬೦ ಕಡಿಮೆ, ಅಂದರೆ ಅನಿಶ್ಚಯತೆಯ ಎರಡರಷ್ಟು. ಇದು ಆಕಸ್ಮಿಕವಾಗಿದ್ದರೂ ಇರಬಹುದು, ಆಗದೆಯೂ ಇರಬಹುದು. ಅದನ್ನು ಹೊಸ ಕಣಗಳ ಸುಳಿವೆಂದು ಹಿಡಿದು ವಾದಗಳನ್ನು ಕಟ್ಟಿದವರೂ ಉಂಟು. ಯಂತ್ರವನ್ನು ಕಿತ್ತು ತೆಗೆದಾಗಿತ್ತು, ಮತ್ತೆ ಎಣಿಸುವಂತಿರಲಿಲ್ಲ.

ಇಲ್ಲಿ ನಮ್ಮ ಹೊಲದ ಉಳಿದ ಕಥೆಯನ್ನು ಹೇಳಬೇಕು. ಎಣಿಕೆಯ ಹಿಂದಿನ ರಾತ್ರಿ ಯಾರದೋ ಆಡು ಬೇಲಿಯಲ್ಲಿ ನುಸುಳಿ, ಅಂಚಿನ ಸಾಲುಗಳಲ್ಲಿ ಎಳೆಯ ಹೆಸರಿನ ಸಸಿಗಳನ್ನು ಮಾತ್ರ ಮೇಯ್ದು ಹೋಗಿತ್ತು. ೪೫೦ ಇರಬೇಕಾದಲ್ಲಿ ೪೦೫ ಉಳಿದಿದ್ದವು. ಹುಡುಗಿಯರು ಅದನ್ನರಿಯದೆ ಲೆಕ್ಕ ಹಾಕಿದರು: ಬಿದ್ದ ಬೀಜ ೪೫೦; ತೊಗರಿ ಎದ್ದದ್ದು ೩೫೦; ಆದುದರಿಂದ ತೊಗರಿಯ ಮೊಳಕೆ ನೂರಕ್ಕೆ ೭೮! ಗೊತ್ತಿರುವ ಬೀಜದ ಸಸಿ ಕಳೆದರೆ, ಗೊತ್ತಿಲ್ಲದ ಬೀಜಕ್ಕೆ ಇಲ್ಲದ ಹೆಚ್ಚಳ ಬರುತ್ತದೆ. ಅಂಚಿನಲ್ಲಿ ಕಚ್ಚಿದ ದಂಟುಗಳನ್ನು ಒಬ್ಬ ಹುಡುಗಿ ಕಾಣದಿದ್ದರೆ ಆ ೭೮ನ್ನು ನಾನೇ ಹಲಗೆಯ ಮೇಲೆ ಬರೆದು ಮೆಚ್ಚಿಕೊಳ್ಳುತ್ತಿದ್ದೆನು.

ಲೆಪ್ ಯಂತ್ರದಲ್ಲಿಯೂ ಒಂದು ಆಡು ನುಸುಳಿತ್ತು. ಮುಂದೆ ಎಂದಾದರೂ ಕಟ್ಟಬೇಕೆಂದಿರುವ ಇನ್ನೂ ದೊಡ್ಡ ಯಂತ್ರಕ್ಕಾಗಿ ದೀಪ್ತಿಯ ಅಳತೆಯನ್ನು ಯೋಚಿಸುತ್ತಿದ್ದ ವೌಟ್ಸಿನಾಸ್, ಪೆರೆಜ್, ಡಾಮ್, ಜಾನೋ ಎಂಬ ನಾಲ್ವರು ೨೦೧೯ರಲ್ಲಿ ಅದನ್ನು ತೋರಿಸಿಕೊಟ್ಟರು. ಅದೆಂತೆಂದರೆ: ಎಲೆಕ್ಟ್ರಾನೊಂದು ಸ್ವಲ್ಪ ಓರೆಯಾಗಿ ಚದರಿ ಹೊರಡುವಾಗ, ಎದುರಿನಿಂದ ಬರುತ್ತಿರುವ ಪಾಸಿಟ್ರಾನುಗಳ ಗೊಂಚಲು ಇನ್ನೂ ಪೂರ್ತಿ ದಾಟಿ ಹೋಗಿರುವುದಿಲ್ಲ. ವಿರುದ್ಧ ವಿದ್ಯುತ್ತುಗಳು ಸೆಳೆಯುವುವಾದುದರಿಂದ ಆ ಗೊಂಚಲು ಎಲೆಕ್ಟ್ರಾನನ್ನು ಒಳಕ್ಕೆ ಎಳೆಯುತ್ತದೆ. ಓರೆಯು ಕಿಂಚಿತ್ ಕಡಿಮೆಯಾಗಿ, ಉಂಗುರದ ಒಳ ಅಂಚಿಗೆ ಬಡಿಯಬೇಕಾದ ಕೆಲವು ಕಣಗಳು ಎಣಿಕೆಗೆ ಸಿಕ್ಕದೆ ಕೊಳವೆಯೊಳಗೇ ಜಾರಿಹೋಗುತ್ತವೆ. ಸುಮಾರು ಸಾವಿರಕ್ಕೆ ಒಂದು ಹೀಗೆ ತಪ್ಪಿಸಿಕೊಂಡಿತ್ತು. ಸಸಿ ಕಡಿಮೆ ಕಂಡಿತು; ಬಿತ್ತನೆ ಕಡಿಮೆಯೆಂದು ತಿಳಿದರು; ಝೆಡ್‌ನ ಕಾಣುವ ಫಲವು ಇದ್ದುದಕ್ಕಿಂತ ಹೆಚ್ಚಾಗಿ ತೋರಿತು; ಅದರಿಂದ ಕಾಣದ ವಂಶಗಳ ಸಂಖ್ಯೆಯು ಕಡಿಮೆಯಾಗಿ ಬಂದಿತು. ಇದನ್ನು ತಿದ್ದಿದಾಗ ೨.೯೯೧೮ ಆಯಿತು. ಮರುವರ್ಷ ೨೦೨೦ರಲ್ಲಿ ಜಾನೋ ಮತ್ತು ಯಾದಾಖ್ ಇಬ್ಬರೂ ಭಾಭಾ ಚದರಿಕೆಯ ಲೆಕ್ಕವನ್ನು ಇನ್ನೂ ಹದಗೊಳಿಸಲು, ಸಂಖ್ಯೆಯು ೨.೯೯೬೩ಕ್ಕೆ ಬಂದು ನಿಂತಿತು, ಅನಿಶ್ಚಯತೆ ೦.೦೦೭೪. ಮೂರು ಮೂರೇ ಆಯಿತು. ಯಂತ್ರ ನಿಂತು ಸುಮಾರು ಇಪ್ಪತ್ತು ವರ್ಷಗಳಾದ ಮೇಲೆ, ಹೊಸದಾಗಿ ಒಂದು ಡಿಕ್ಕಿಯನ್ನೂ ಎಣಿಸದೆ, ಹಳೆಯ ಲೆಕ್ಕವನ್ನು ಮತ್ತೆ ತೆಗೆದು ನೋಡುವ ಮನಸ್ಸಿನಿಂದಲೇ ಇದಾಯಿತು. ನಾನು ಇದನ್ನು ಮೊದಲು ಓದಿದ ದಿನ ನಮ್ಮ ಆಡಿನ ನೆನಪಾಗಿ, ಒಬ್ಬಳೇ ಕುಳಿತು ನಕ್ಕುಬಿಟ್ಟೆನು.

ಅದೇ ಸುರಂಗದಲ್ಲಿ ಈಗಿರುವ ಎಲ್.ಎಚ್.ಸಿ. ಯಂತ್ರದ ಮಾತು ಬೇರೆ. ಅಲ್ಲಿ ಡಿಕ್ಕಿ ಹೊಡೆಯುವುದು ಪ್ರೋಟಾನುಗಳು. ಪ್ರೋಟಾನು ಒಳಗೆ ತುಂಬ ತೊಡಕಿನ ವಸ್ತುವಾದುದರಿಂದ ಹೆಸರುಕಾಳಿನಂತೆ ಗುಣ ಗೊತ್ತಿರುವ ಬೀಜ ಅಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ. ಅದಕ್ಕಾಗಿ ೧೯೬೮ರಲ್ಲಿ ಸೈಮನ್ ವಾನ್ ಡರ್ ಮೇರ್ ಎಂಬವರು ಸೂಚಿಸಿದ ಕ್ರಮವನ್ನು ಅನುಸರಿಸುತ್ತಾರೆ. ಒಂದು ಕಿರಣವನ್ನು ಇನ್ನೊಂದರ ಮೇಲಿಂದ ಮೆಲ್ಲಮೆಲ್ಲನೆ ಸರಿಸುತ್ತ, ಯಾವ ಅಂತರದಲ್ಲಿ ಎಷ್ಟು ಡಿಕ್ಕಿಗಳಾಗುವುವೆಂದು ಎಣಿಸಿದರೆ, ಎರಡೂ ಒಂದರ ಮೇಲೊಂದು ಕೂಡುವ ಅಗಲ ತಾನಾಗಿ ತಿಳಿಯುತ್ತದೆ. ಅಟ್ಲಾಸ್ ಪ್ರಯೋಗದವರು ೨೦೧೫ರಿಂದ ೨೦೧೮ರವರೆಗಿನ ತಮ್ಮ ದೀಪ್ತಿಯನ್ನು ನೂರಕ್ಕೆ ೦.೮೩ರ ಅನಿಶ್ಚಯತೆಯಿಂದ ಅಳೆದಿದ್ದಾರೆ. ಪ್ರೋಟಾನುಗಳ ಮಟ್ಟಿಗೆ ಇದು ಬಹಳ ಹೆಚ್ಚಿನ ಸಾಧನೆಯೇ ಸರಿ.

ಜಿನೀವಾದಿಂದ ಆಕಾಶ ನಿರ್ಮಲವಾಗಿರುವ ದಿನ ಮೋಂ ಬ್ಲಾಂ ಎಂಬ ಹಿಮಗಿರಿ ಕಾಣುತ್ತದೆ. ೧೯೬೬ರ ಜನವರಿ ೨೪ರಂದು ಭಾಭಾ ಅವರಿದ್ದ ವಿಮಾನವು ಜಿನೀವಾಕ್ಕೆ ಇಳಿಯಬೇಕಾಗಿದ್ದಾಗ ಆ ಬೆಟ್ಟಕ್ಕೆ ತಗುಲಿ ನಾಶವಾಯಿತು. ಅವರಿಗೆ ಆಗ ೫೬ ವರ್ಷ. ಇಪ್ಪತ್ತಮೂರು ವರ್ಷಗಳ ತರುವಾಯ, ಆ ಬೆಟ್ಟ ಕಾಣುವ ಬಯಲಿನ ಅಡಿಯಲ್ಲಿ, ಅವರು ಕಾಗದದ ಮೇಲೆ ಗಣಿಸಿದ್ದ ಚದರಿಕೆಯನ್ನು ಹಗಲಿರುಳೂ ಎಣಿಸಲು ಆರಂಭಿಸಿದರು.

ನಮ್ಮ ತುಂಡು ನೆಲವನ್ನು ಈ ಮುಂಗಾರಿನಲ್ಲಿ ಒಂಬತ್ತನೆಯ ತರಗತಿಯವರು ಮತ್ತೆ ಬಿತ್ತಿರುತ್ತಾರೆ. ಸುತ್ತಲೂ ಶಹಾಬಾದ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ ಆಡಿನ ದಾರಿಯನ್ನು ಕಟ್ಟಿದ್ದೇವೆ. ಆದರೂ ಎಣಿಸುವ ದಿನ ಮೊದಲು ಅಂಚಿನ ಸಾಲುಗಳನ್ನು ಬಗ್ಗಿ ನೋಡತಕ್ಕದ್ದೆಂದು ದಿನಚರಿಯ ಮೊದಲ ಪುಟದಲ್ಲಿಯೇ ಅವರು ಬರೆದುಕೊಂಡಿದ್ದಾರೆ.